ಆಯ್ತು ಅಂದರೆ ಆಯ್ತು

“ನೂರಾ ಎರಡೂಕಾಲು. ಇದಕ್ಕಿಂತ ಕೆಳಗೆ ಇಳಿಯೋದಿಲ್ಲ ತಾಯಿ, ಇದೇ ಬೆಲೆಗೆ ಇನ್ನೊಬ್ಬರೂ ಕೇಳ್ತಿದಾರೆ” ಎಂದು ಅಕ್ಕನ ಬಲಗಿವಿಯ ಫೋನಿನಲ್ಲಿ ದೊಡ್ಡಪ್ಪ ಪಟ್ಟು ಹಿಡಿದಿದ್ದರು.

“ನೂರಾ ಎರಡಕ್ಕೆ ಕೊಡಿ ದೊಡ್ಡಪ್ಪ. ಸರ್ಕಾರದ ಸಾಲಪತ್ರ ಮಾರ್ತಿದೀರೋ, ಮಗಳ ಒಡವೆ ಮಾರ್ತಿದೀರೋ?”

ಅವರು ನಕ್ಕರು. ಇನ್ನೊಂದು ಬ್ಯಾಂಕಿನ ಹಳೆಯ ವ್ಯಾಪಾರಿ ಅವರು, ಪೇಟೆಗೆಲ್ಲ ದೊಡ್ಡಪ್ಪ. ಇಷ್ಟು ವರ್ಷ ಮಾತಾಡಿದರೂ ಅಕ್ಕ ಅವರ ಮುಖ ಕಂಡವಳಲ್ಲ. ಅವಳು ಈ ಬ್ಯಾಂಕಿನ ಪರವಾಗಿ ಕೊಳ್ಳುವವಳು, ಕೋಣೆಗೆಲ್ಲ ಅಕ್ಕ. ಸಾಲಪತ್ರ ಬಣ್ಣದ ಕಾಗದವಾಗಿದ್ದು, ಬಡ್ಡಿಯ ಚೀಟಿಯನ್ನು ಕತ್ತರಿಯಿಂದ ಕತ್ತರಿಸುತ್ತಿದ್ದ ಕಾಲವನ್ನು ದೊಡ್ಡಪ್ಪ ಕಂಡಿದ್ದರು. ಆಮೇಲೆ ಕಾಗದ ಹೋಗಿ ವ್ಯಾಪಾರ ಫೋನಿಗೆ ಬಂತು. ನಾಳೆಯಿಂದ ಫೋನೂ ಇಲ್ಲ, ಎಲ್ಲ ಕಂಪ್ಯೂಟರ್ ಪರದೆಯ ಮೇಲೆ. ಫೋನಿನ ಪೇಟೆಗೆ ಒಂದೇ ಕಟ್ಟಳೆ: ಇಬ್ಬರೂ ‘ಆಯ್ತು’ ಎಂದರೆ ಮುಗಿಯಿತು. ರುಜುವಿಲ್ಲ, ಸಾಕ್ಷಿಯಿಲ್ಲ, ದೇವರು ಕೊಟ್ಟ ನಾಲಗೆಯೇ ಎಲ್ಲ.

ಅಷ್ಟರಲ್ಲಿ ಇನ್ನೊಂದು ಫೋನು ಬಡಿದುಕೊಂಡಿತು. ತಂಗಿಯ ಗಂಡ, ಆಸ್ಪತ್ರೆಯಿಂದ. ತಂಗಿಗೆ ಬೆಳಗಿನಿಂದ ನೋವು. ಅಕ್ಕನ ಜೀವವೆಲ್ಲ ಅಲ್ಲೇ ಇತ್ತು. ಬಲಗಡೆಯ ಫೋನನ್ನು ಹೆಗಲಿಗೆ ಒತ್ತಿ ಎಡಗಿವಿಗೆ ಇದನ್ನು ಹಿಡಿದಳು.

“ಅಕ್ಕಾ, ಆಯ್ತು. ಹೆಣ್ಣು. ಇಬ್ಬರೂ ಚೆನ್ನಾಗಿದಾರೆ.”

“ಆಯ್ತಾ? ಆಯ್ತು, ಆಯ್ತು!” ಅಕ್ಕ ಎದ್ದೇ ನಿಂತಿದ್ದಳು.

ಬಲಗಡೆಯಿಂದ ದೊಡ್ಡಪ್ಪನ ದನಿ ಕೇಳಿತು: “ಆಯ್ತು.” ಫೋನು ಇಟ್ಟ ಸದ್ದು.

ಅಕ್ಕನ ನಗು ಬಾಯಲ್ಲೇ ಉಳಿಯಿತು. ಮೇಲಧಿಕಾರಿ ಬೆನ್ನ ಹಿಂದೆಯೇ ಇದ್ದರು.

“ನೂರಾ ಎರಡರ ಮೇಲೆ ಒಂದು ಕಾಸೂ ಕೂಡದು ಅಂದಿದ್ನಲ್ಲ. ಅಷ್ಟು ದೊಡ್ಡ ಗಂಟಿಗೆ ಕಾಲು ಅಂದ್ರೆ ಎಷ್ಟಾಯ್ತು ಗೊತ್ತಾ? ಮಗೂಗೆ ಅಂದದ್ದು ಅಂತ ಹೇಳಿ ಕೈ ತೊಳ್ಕೊಳ್ಳಿ.”

“ಕೇಳಿ ನೋಡ್ತೀನಿ ಸಾರ್.” ಅಕ್ಕ ದೊಡ್ಡಪ್ಪನಿಗೆ ಮತ್ತೆ ಫೋನು ಮಾಡಿದಳು. ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಕೇಳಿದರು:

“ಏನ್ ತಾಯಿ, ಗಂಡೋ ಹೆಣ್ಣೋ?”

“ಕೇಳಿಸ್ಕೊಂಡ್ರಾ?”

“ತಂಗಿಗೆ ನೋವು ಅಂತ ಬೆಳಿಗ್ಗೆ ನೀನೇ ಹೇಳಿದ್ದೆಯಲ್ಲ, ಫೋನು ಇಟ್ಟ ಮೇಲೆ ಹೊಳೀತು. ಎರಡೂಕಾಲಿಗೆ ಯಾರಾದ್ರೂ ಹಂಗೆ ಕುಣೀತಾರಾ? ಬಿಟ್ಬಿಡು. ನಾನು ಏನೂ ಕೇಳಿಲ್ಲ.”

“ನಿಜ ಹೇಳಿ. ಇನ್ನೊಬ್ಬರು ಕೇಳ್ತಿದ್ರಲ್ಲ, ಅವರಿಗೆ ಏನಂದ್ರಿ?”

“ಇಲ್ಲ ಅಂದೆ.”

“ಈಗ ವಾಪಸ್ ಅವರ ಹತ್ರ ಹೋದ್ರೆ?”

“ಅವರು ಬೇರೆ ಕಡೆ ಕೊಂಡಾಯ್ತು. ಬೆಲೆ ಇಳೀತಿದೆ. ನನ್ನ ಪಾಡು ನಾನು ನೋಡ್ಕೋತೀನಿ ಬಿಡು.”

“ಇಲ್ಲ. ಎರಡೂಕಾಲಿಗೆ ಬರ್ಕೊಳ್ಳಿ. ಆಯ್ತು.”

“ಹಾಗಾದ್ರೆ ನಾಳೆ ಆ ಪರದೆ ಮುಂದೆ ನೀವು ಕೂರೋ ಹಾಗಿಲ್ಲ” ಎಂದರು ಮೇಲಧಿಕಾರಿ. ಅವರ ಹಿಂದೆ ಬಾಗಿಲು ಹಾಕಿಕೊಂಡಿತು. ಆದರೂ ಅಕ್ಕನ ಒಳಗೆ ಉಕ್ಕುತ್ತಿದ್ದ ಸಂತೋಷಕ್ಕೆ ಎಲ್ಲಿಯೂ ಕುಂದು ಬರಲಿಲ್ಲ.

“ಹೆಣ್ಣು, ದೊಡ್ಡಪ್ಪ” ಎಂದಳು.

“ದೇವರು ದೊಡ್ಡವನು.”

ಇಬ್ಬರೂ ಫೋನು ಇಡಲಿಲ್ಲ. ಆ ಕಡೆ ಯಾರೋ ಕುರ್ಚಿ ಎಳೆದರು. ಎಲ್ಲೋ ಕಿಟಕಿ ಮುಚ್ಚಿದರು. ದೊಡ್ಡಪ್ಪ ಕೆಮ್ಮಿ, ಗಂಟಲು ಸರಿಪಡಿಸಿಕೊಂಡು, ಫೋನಿನಲ್ಲೇ ಇದ್ದರು.