ಮುಂಬಾಗಿಲ ಧ್ವನಿಮತ

ಮ್ಯಾನೇಜರ್ ಗೇಟಿನ ಅಡ್ಡಕಂಬವನ್ನು ಕೆಳಗಿಳಿಸಿ, ಅದರ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟ. ಶವದ ವ್ಯಾನು ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಿತು. ಡ್ರೈವರ್ ರೂಢಿಬಲದಿಂದ ಹಾರ್ನ್ ಒತ್ತಿ, ಹಿಂದೆ ಮಲಗಿರುವವರು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಸತ್ತವಳ ಮಗಳು ವ್ಯಾನಿನಿಂದ ಇಳಿದು ಬಂದಳು. ಅವಳು ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ಮಲಗಿದ ಕೂಸು ಏಳಬಾರದೆಂಬ ಹಾಗೆ ಮಾತಾಡುವುದೇ ಅವಳಿಗೆ ಅಭ್ಯಾಸವಾಗಿತ್ತು. ಗೇಟಿನಾಚೆ ತರಕಾರಿ ಮಂಡಿಯ ಗದ್ದಲದಲ್ಲಿ ಅವಳ ಮಾತು ಮ್ಯಾನೇಜರನ ಕಿವಿಗೆ ಮುಟ್ಟಲು ಎರಡು ಸಲ ಹೇಳಬೇಕಾಯಿತು.

ಅವನೂ ಕೆಟ್ಟವನಲ್ಲ. ಹರಾಜು ಅರ್ಧಕ್ಕೆ ಬಂದಿದೆ, ಟೊಮೆಟೊ ಲಾರಿಗಳು ರಸ್ತೆಯವರೆಗೆ ನಿಂತಿವೆ, ಈಗ ನಿಲ್ಲಿಸಿದರೆ ದರ ಬೀಳುತ್ತದೆ, ಶವ ಒಳಗೆ ತರುವ ಪದ್ಧತಿಯೂ ಇಲ್ಲ ಎಂದು ಒಂದೊಂದಾಗಿ ಹೇಳಿದ. ಹಿಂದಿನ ಗೇಟು ತೆಗೆಸಿದ್ದೇನೆ, ಬಳಸಿಕೊಂಡು ಹೋಗಿ ಎಂದ.

“ಹಿಂದಿನ ಗೇಟಿಂದ ಕೊಳೆತ ಮಾಲು ಹೋಗುತ್ತೆ ಸರ್,” ಎಂದಳು ಮಗಳು. “ನಮ್ಮಮ್ಮ ಹೋಗಲ್ಲ.”

ಅಮ್ಮ ಈ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವಳು. ಕುಳ್ಳಿ, ಜನರಿಗೆ ಕಾಣಿಸಲಿ ಎಂದು ಒಂದು ಮರದ ಪೆಟ್ಟಿಗೆಯ ಮೇಲೆ ನಿಲ್ಲುತ್ತಿದ್ದಳು. ಕಾಣಿಸದಿದ್ದರೂ ನಡೆಯುತ್ತಿತ್ತು ಅನ್ನಿ, ಅಂಥ ಗಂಟಲು. ಮಂಡಿಯವರೆಲ್ಲ ಅವಳನ್ನು ನಗಾರಿ ಎಂದೇ ಕರೆಯುತ್ತಿದ್ದರು. ಅದೇ ಗಂಟಲು ಕೊನೆಗೆ ಕೈಕೊಟ್ಟಿತು. ಕಡೆಯ ಎರಡು ವರ್ಷ ಮಂಚದ ಕಾಲಿಗೆ ಸೌಟು ಬಡಿದು ಮೊಮ್ಮಕ್ಕಳನ್ನು ಕರೆಯುತ್ತಿದ್ದಳು. ಹೋಗುವ ಮುಂಚೆ ಮಗಳ ಕಿವಿಯನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡು ಉಸಿರಲ್ಲೇ ಹೇಳಿದ್ದಿಷ್ಟು: “ಮುಂಬಾಗಿಲಿಂದ ಕರ್ಕೊಂಡು ಹೋಗು. ನಾನು ನಿಂತು ಕೂಗ್ತಿದ್ದ ಪೆಟ್ಟಿಗೆ ಮುಂದೆ ಹಾದು ಹೋಗು. ಆಮೇಲೆ ಎಲ್ಲಿ ಹೂಳ್ತೀಯೋ ಹೂಳು.”

ಮಗಳು ಆಗಲಿ ಎಂದು ಕೈ ಮೇಲೆ ಕೈ ಇಟ್ಟಿದ್ದಳು.

ಅಷ್ಟರಲ್ಲಿ ಹಿಂದಿನ ಕಾರಿನಿಂದ ಕೋಲು ಊರಿಕೊಂಡು ವಕೀಲರು ಇಳಿದರು. ಅಮ್ಮ ಒಂದೇ ಒಂದು ಅವಧಿಗೆ ದೇಶದ ಸಂಸತ್ತಿನ ಸದಸ್ಯೆಯಾಗಿದ್ದಳು. ಆ ಐದೂ ವರ್ಷ ಎದುರಿನ ಬೆಂಚಿನಲ್ಲಿ ಕೂತು, ಅವಳು ಹೌದೆಂದದ್ದಕ್ಕೆಲ್ಲ ಇಲ್ಲ ಎಂದವರು ಇವರು. ಆ ಸದನದವರಲ್ಲಿ ಈಗ ಉಳಿದವರೇ ಕೆಲವರು, ಎದ್ದು ಓಡಾಡುವವರು ಇವರೊಬ್ಬರೇ.

“ಏನಂತೆ?” ಎಂದು ಕೇಳಿದರು.

“ಬಿಡಲ್ಲವಂತೆ,” ಎಂದಳು ಮಗಳು.

* * *

ಆ ಅವಧಿಯ ಸದನಕ್ಕೆ ಪತ್ರಿಕೆಗಳು ‘ಸಂತೆ ಸದನ’ ಎಂದು ಹೆಸರಿಟ್ಟಿದ್ದವು. ಹಳಬರನ್ನೆಲ್ಲ ಮನೆಗೆ ಕಳಿಸಿ ಜನ ಒಬ್ಬ ಬಸ್ ಡ್ರೈವರನನ್ನು, ಒಬ್ಬ ಸೂಲಗಿತ್ತಿಯನ್ನು, ಒಬ್ಬ ಬಡಗಿಯನ್ನು, ಈ ನಗಾರಿಯನ್ನು ಆರಿಸಿದ್ದರು. ಗೇಲಿ ಕೇಳಿ ಅಮ್ಮ ಬೇಸರಪಡಲಿಲ್ಲ. ಸಂತೆಯಲ್ಲಿ ತೂಕವಾದರೂ ಸರಿಯಿರುತ್ತದೆ, ಇವರ ಹಳೇ ಸದನದಲ್ಲಿ ಅದೂ ಇರಲಿಲ್ಲ ಎಂದಿದ್ದಳು.

ಅವಳು ಭಾಷಣ ಮಾಡಿದ್ದು ಕಡಿಮೆ. ಮಂಡಿಯ ಕೂಲಿಗಳ ಮಸೂದೆಯೊಂದನ್ನು ಹಟ ಹಿಡಿದು ತಂದಿದ್ದಳು. ಪ್ರತಿ ಮಂಡಿಯಲ್ಲೂ ಕುಡಿಯುವ ನೀರು, ಹೆಂಗಸರಿಗೆ ಚಿಲಕವಿರುವ ಶೌಚಾಲಯ, ವಾರಕ್ಕೊಂದು ದಿನ ಕೂಲಿ ಕಡಿಯದ ರಜೆ. ಅದು ಮತಕ್ಕೆ ಬಂದ ದಿನ ಶಾಲೆ ತಪ್ಪಿಸಿ ಮಗಳನ್ನೂ ಕರೆದೊಯ್ದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರಿಸಿದ್ದಳು.

ಮಧ್ಯಾಹ್ನದ ಊಟ ಮುಗಿದ ಹೊತ್ತು. ಬೆಂಚುಗಳು ಅರ್ಧ ಖಾಲಿ, ಉಳಿದರ್ಧ ತೂಕಡಿಸುತ್ತಿದ್ದವು. ತಲೆ ಲೆಕ್ಕದಲ್ಲಿ ವಿರೋಧದವರೇ ಹೆಚ್ಚು. ಸಭಾಧ್ಯಕ್ಷರು, ಪರವಾಗಿರುವವರು ‘ಹೌದು’ ಎನ್ನಿ ಎಂದರು.

ಅಮ್ಮ ಹೌದು ಎಂದಳು.

ಗ್ಯಾಲರಿಯ ಕಾವಲುಗಾರ ಸೆಟೆದು ನಿಂತ. ಎದುರು ಸಾಲಿನಲ್ಲಿ ಗೊರಕೆ ಹೊಡೆಯುತ್ತಿದ್ದ ಒಬ್ಬರು ಬೆಚ್ಚಿಬಿದ್ದು, ಯಾವ ಕಡೆಯದೆಂದು ನೋಡದೆ ತಾವೂ ಹೌದು ಎಂದರು. ಮಗಳು ಎರಡೂ ಕಿವಿ ಮುಚ್ಚಿ, ನಾಚಿಕೆಯಿಂದ ಕುರ್ಚಿಯ ಕೆಳಕ್ಕೆ ಜಾರಿದಳು. ಇನ್ನು ವಿರೋಧವಾಗಿರುವವರು ಎಂದಾಗ, ಊಟದ ಮೇಲಿನ ‘ಇಲ್ಲ’ ಆಕಳಿಕೆಯ ಹಾಗೆ ಹೊರಬಂತು.

ಕಿವಿಗೆ ಜೋರಾಗಿ ಬಿದ್ದದ್ದು ‘ಹೌದು’, ಮಸೂದೆ ಗೆದ್ದಿತೆಂದು ಸಭಾಧ್ಯಕ್ಷರು ಸಾರಿದರು. ವಕೀಲರು ಎದ್ದು, ತಲೆ ಎಣಿಸಿ ಎಂದರು. ಹಾಗೆ ಕೇಳಬೇಕಾದರೆ ಇನ್ನೂ ಹತ್ತು ಮಂದಿ ಎದ್ದು ನಿಲ್ಲಬೇಕೆಂಬುದು ನಿಯಮ. ಅವರು ಹಿಂದೆ ತಿರುಗಿ ನೋಡಿದರೆ ಅವರ ಪಕ್ಷದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ನಗುವವರಿಗೆ ಏಳಲು ಎಲ್ಲಿ ಆಗುತ್ತದೆ?

ಹೊರಗೆ ಮೊಗಸಾಲೆಯಲ್ಲಿ ವಕೀಲರು ಅಮ್ಮನನ್ನು ಅಡ್ಡಗಟ್ಟಿದರು. “ನಿಮ್ಮ ಒಂದು ಗಂಟಲನ್ನ ಐವತ್ತು ಅಂತ ಎಣಿಸಿಬಿಟ್ರಲ್ಲಮ್ಮ, ಇದು ನ್ಯಾಯನಾ?”

“ಎಣಿಸಲಿಲ್ಲ ವಕೀಲರೇ,” ಎಂದಳು ಅಮ್ಮ. “ಕೇಳಿಸ್ಕೊಂಡ್ರು.”

ಮುಂದಿನ ಚುನಾವಣೆಯಲ್ಲಿ ಸೋತಳು. ಫಲಿತಾಂಶ ಬಂದ ಮರುದಿನ ಬೆಳಿಗ್ಗೆ, ಐದು ವರ್ಷ ಕೂತು ಕೂತು ಕಾಲು ಜೋಮು ಹಿಡಿದಿದೆ ಎನ್ನುತ್ತಾ ಪೆಟ್ಟಿಗೆ ಹತ್ತಿ ಆಲೂಗಡ್ಡೆ ಕೂಗಿದಳು.

* * *

ಗೇಟಿನ ಬಳಿ ಜನ ಸೇರತೊಡಗಿದರು. ಹಮಾಲರ ಮೇಸ್ತ್ರಿ ತನ್ನ ಆಳುಗಳೊಂದಿಗೆ ಬಂದು, ಕಂಬ ಎತ್ತೋದು ನಮಗೇನು ಭಾರವಾ ಎಂದು ತೋಳು ಮೇಲಕ್ಕೆ ಸರಿಸಿದ.

“ಬೇಡ ಮಾವ,” ಎಂದಳು ಮಗಳು. “ಅಮ್ಮ ಯಾವತ್ತೂ ಈ ಗೇಟನ್ನ ತಳ್ಳಿಕೊಂಡು ಬಂದವಳಲ್ಲ.”

ಮ್ಯಾನೇಜರನ ಹಣೆ ಬೆವೆತಿತ್ತು. ಪಕ್ಕದ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. ಆ ನಲ್ಲಿ ಯಾರ ಕಾಲದ್ದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರೂ ಆಡಿ ತೋರಿಸಲಿಲ್ಲ. ತಾನೊಬ್ಬ ಬಿಟ್ಟರೆ ನಾಳೆ ವ್ಯಾಪಾರಿಗಳು ಕುತ್ತಿಗೆಗೆ ಬರುತ್ತಾರೆ, ಎಲ್ಲರ ಒಪ್ಪಿಗೆ ಬೇಕು, ಇಷ್ಟು ಜನರ ಹತ್ತಿರ ಹೋಗಿ ತಲೆ ಎಣಿಸುವವರು ಯಾರು ಎಂದ.

ವಕೀಲರು ಅವನ ಭುಜ ತಟ್ಟಿದರು. “ಎಣಿಸ್ಬೇಡಪ್ಪಾ. ಕೇಳಿಸ್ಕೊ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮೇಸ್ತ್ರಿಯ ಕಡೆ, ವ್ಯಾನಿನ ಕಡೆ ನೋಡಿ, “ಕೇಳಿ ಹಾಗಾದ್ರೆ. ಆದ್ರೆ ಒಬ್ರು ಬೇಡ ಅಂದ್ರೂ ಹಿಂದಿನ ಗೇಟು,” ಎಂದ.

“ಒಪ್ಪಿದೀವಿ,” ಎಂದರು ವಕೀಲರು, ಮಗಳನ್ನು ಕೇಳದೆಯೇ. ಟೊಮೆಟೊ ಲಾರಿಗಳ ಮುಂದೆ ಸಿಡುಕು ಮುಖದ ವ್ಯಾಪಾರಿಗಳು ಗಡಿಯಾರ ನೋಡುತ್ತಿದ್ದರು. ಅವರಲ್ಲೊಬ್ಬ ಒಂದೇ ಒಂದು ಸಲ ಬೇಡ ಎಂದರೆ ಸಾಕಿತ್ತು.

ಮೇಸ್ತ್ರಿ ವಕೀಲರನ್ನು ಮೂಟೆಯಂತೆ ಎತ್ತಿ ಕಟ್ಟೆಯ ಮೇಲೆ ನಿಲ್ಲಿಸಿದ. ಹರಾಜು ಕೂಗುತ್ತಿದ್ದವನು ಬಾಯಿ ಮುಚ್ಚಿದ. ವಕೀಲರು ಕೋಟಿನ ಗುಂಡಿ ಹಾಕಿಕೊಂಡು, ನಡುಗುವ ದನಿಯಲ್ಲಿ, ಆದರೆ ಒಂದು ಪದವನ್ನೂ ನುಂಗದೆ ಹೇಳಿದರು:

“ಈ ಮಂಡಿಯಿಂದ ಸಂಸತ್ತಿಗೆ ಹೋಗಿ, ಸಂಸತ್ತಿನಿಂದ ಈ ಮಂಡಿಗೇ ವಾಪಸು ಬಂದ ಸದಸ್ಯೆಯನ್ನು ಮುಂಬಾಗಿಲಿಂದ ಕರೆದೊಯ್ಯಬೇಕೆಂಬುದು ಪ್ರಶ್ನೆ. ಪರವಾಗಿರುವವರು ‘ಹೌದು’ ಎನ್ನಿ.”

ಎಲ್ಲರಿಗಿಂತ ಮೊದಲು ಒಂದು ಹೌದು ಎದ್ದಿತು. ತಗಡಿನ ಸೂರಿಗೆ ಬಡಿದು, ಕಡೆಯ ಅಂಗಡಿಯವರೆಗೆ ಹೋಗಿ ತಿರುಗಿ ಬಂತು. ಹಳೇ ಹಮಾಲರು ಬೆಚ್ಚಿ ವ್ಯಾನಿನ ಕಡೆ ನೋಡಿದರು. ವ್ಯಾನಿನ ಪಕ್ಕದಲ್ಲಿ ಮಗಳು ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದು ನಿಂತಿದ್ದಳು. ಆಮೇಲೆ ಉಳಿದ ಹೌದುಗಳೆಲ್ಲ ಬಂದವು, ಮೂಟೆಯ ಮೇಲೆ ಮೂಟೆ ಬಿದ್ದ ಹಾಗೆ.

ವಕೀಲರು ಕೈ ಎತ್ತಿದರು. ಇಷ್ಟಕ್ಕೇ ಮುಗಿಸುವ ಹಾಗಿರಲಿಲ್ಲ, ನಿಯಮ ನಿಯಮವೇ.

“ವಿರೋಧವಾಗಿರುವವರು ‘ಇಲ್ಲ’ ಎನ್ನಿ.”

ಐದು ವರ್ಷದ ಚಾಳಿ. ಅವರದೇ ಬಾಯಿ ತೆರೆದುಕೊಂಡಿತು. ಮಗಳು ಅವರನ್ನೇ ನೋಡುತ್ತಿದ್ದಳು. ಅವರು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡು ಕಾದರು.

ಬೆಳಗಿನ ಆ ಹೊತ್ತಿನಲ್ಲಿ ಮಂಡಿ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಕೋಸಿನ ಮೂಟೆ ಹೊತ್ತ ದೊಡ್ಡ ತಕ್ಕಡಿಯೊಂದೇ ಕಿರ್ರೆಂದು ತೂಗಾಡುತ್ತಿತ್ತು. ಮೇಸ್ತ್ರಿ ಹೋಗಿ ಅದನ್ನೂ ಕೈಯಲ್ಲಿ ಹಿಡಿದು ನಿಲ್ಲಿಸಿದ.

ಮ್ಯಾನೇಜರ್ ಕಂಬ ಎತ್ತಿದ. ವ್ಯಾನು ಒಳಗೆ ಬಂತು. ಅದು ಹತ್ತಿರವಾದಂತೆ ಹರಾಜಿನವನು ಅಮ್ಮನ ಆ ಹಳೇ ಪೆಟ್ಟಿಗೆಯಿಂದ ಕೆಳಗಿಳಿದು, ಹೆಗಲ ಮೇಲಿನ ಟವೆಲಿನಿಂದ ಅದರ ಮೇಲಿದ್ದ ತನ್ನ ಹೆಜ್ಜೆಯ ಮಣ್ಣನ್ನು ಒರೆಸತೊಡಗಿದ.