ದೊಡ್ಡಮ್ಮನ ಉಸಿರು

ನನ್ನ ಹೆಂಡತಿ ತನ್ನ ಜನ್ಮದಲ್ಲಿ ಯಾರ ಮನೆಯನ್ನೂ ಮುರಿದವಳಲ್ಲ. ಆದರೂ ಕೆಲಸವಿದ್ದ ದಿನಗಳಲ್ಲಿ ಗಾಜಿನ ಕೋಣೆಯೊಂದರಲ್ಲಿ ಮೈಕಿನ ಮುಂದೆ ನಿಂತು ಒಂದು ತುಂಬಿದ ಸಂಸಾರವನ್ನು ಹಾಳುಮಾಡಿ ಬರುತ್ತಿದ್ದಳು. ಬೇರೆ ಭಾಷೆಯಲ್ಲಿ ತಯಾರಾಗಿ ನಮ್ಮ ಭಾಷೆಗೆ ಬರುವ ಧಾರಾವಾಹಿ ಅದು. ಅದರಲ್ಲಿ ದೊಡ್ಡಮ್ಮ ಎಂಬ ಪಾತ್ರ. ಕಾಣುವ ಮುಖ ಯಾರೋ ನಟಿಯದು, ಕೇಳುವ ದನಿ ನನ್ನವಳದು.

ಈ ದೊಡ್ಡಮ್ಮ ಕಿರುಚುವವಳಲ್ಲ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವಳು. ಅಣ್ಣನ ಕಿವಿಯಲ್ಲಿ ತಮ್ಮನ ಮೇಲೆ ಒಂದು ಮಾತು ಊದಿ, ಆಮೇಲೆ ತಮ್ಮನ ತಲೆ ನೇವರಿಸುತ್ತಾ “ನಿಮ್ಮಣ್ಣ ಹೀಗಂದುಬಿಟ್ಟನಲ್ಲೋ” ಎಂದು ಕಣ್ಣೊರೆಸಿಕೊಳ್ಳುವಳು. ಸೊಸೆ ತವರಿಗೆ ಹೊರಟರೆ ಎದೆ ಹಿಡಿದುಕೊಂಡು ಕುಸಿಯುವಳು. ಸೊಸೆ ಗಾಬರಿಯಾಗಿ ಉಳಿದರೆ “ನನಗೋಸ್ಕರ ಯಾಕಮ್ಮ ಉಳಿದೆ?” ಎಂದು ಅವಳನ್ನೇ ಅಳಿಸುವಳು.

ನನ್ನವಳು ಈ ಮಾತುಗಳನ್ನೆಲ್ಲ ಒಲೆಯ ಮುಂದೆ ನಿಂತು ಬಾಯಿಪಾಠ ಮಾಡುತ್ತಿದ್ದಳು. “ನಿನ್ನ ಗಂಡ ನಿನ್ನವನಾಗಿ ಉಳಿಯೋದಿಲ್ಲ ಕಣಮ್ಮ” ಎಂದು ಒಳಗಿನಿಂದ ಕೇಳಿಸಿದರೆ ನಾನು ಹಜಾರದಿಂದಲೇ, “ಈ ಮಂಡಿನೋವು ಇಟ್ಕೊಂಡು ಎಲ್ಲಿಗೆ ಹೋಗ್ಲೇ?” ಎನ್ನುತ್ತಿದ್ದೆ.

“ನಿಮಗಲ್ಲರೀ, ಸುಮ್ನಿರಿ. ನಿಮ್ಮನ್ನ ಕಟ್ಕೊಂಡು ಹೋಗೋ ಧೈರ್ಯ ಯಾರಿಗಿದೆ?”

ಕೆಲಸಕ್ಕೆ ಹೊರಡುವ ಮೊದಲು ದೇವರ ಮುಂದೆ ನಿಲ್ಲುವಳು. “ಈ ಬಾಯಿಂದ ಇವತ್ತು ಬರೋದೆಲ್ಲ ಸುಳ್ಳು. ನೀನು ಮನಸ್ಸಿಗೆ ಹಚ್ಕೋಬೇಡ ತಂದೆ” ಎನ್ನುವಳು. ಅಷ್ಟು ಹೇಳಿದ ಮೇಲೆ ಅವಳಿಗೆ ಯಾವ ಅಳುಕೂ ಇರುತ್ತಿರಲಿಲ್ಲ.

ಒಮ್ಮೆ ತರಕಾರಿ ಅಂಗಡಿಯಲ್ಲಿ ಇವಳು ಟೊಮೇಟೊ ಬೆಲೆ ಕೇಳಿದ್ದಕ್ಕೆ ಅಂಗಡಿಯಾಕೆ ತಕ್ಕಡಿ ಕೆಳಗಿಟ್ಟಳು. “ಅಯ್ಯೋ, ನೀನಾ! ಆ ಸೊಸೆನ ಯಾಕಮ್ಮ ಹಾಗೆ ಗೋಳು ಹೊಯ್ಕೋತೀಯ?”

“ನನ್ನ ಕೈಲೇನಿದೆ ತಾಯಿ, ಬರೆಯೋರು ಬರೀತಾರೆ.”

“ಬರೆಯೋರಿಗೆ ನೀನೊಂದು ಮಾತು ಹೇಳಬಾರದಾ?” ಎನ್ನುತ್ತಾ ಆಕೆ ಚೀಲಕ್ಕೆ ಒಂದು ಕಂತೆ ಕೊತ್ತಂಬರಿಯನ್ನು ಪುಕ್ಕಟೆಯಾಗಿ ಹಾಕಿದಳು. ಸೊಸೆಯ ಪರವಾಗಿ ಲಂಚ. ದಾರಿಯುದ್ದಕ್ಕೂ ನನ್ನವಳು ನಕ್ಕದ್ದೇ ನಕ್ಕದ್ದು.

ಕಡೆಯ ವರ್ಷ ಅವಳ ಶ್ವಾಸಕೋಶ ಸೋತಿತು. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾಗುತ್ತಿರಲಿಲ್ಲ. ಪರದೆಯ ಮೇಲಿನ ತುಟಿ ಇವಳಿಗಾಗಿ ಕಾಯುವುದಿಲ್ಲವಷ್ಟೆ. ಇವಳು ಎರಡು ಮಾತಿನ ಮಧ್ಯೆ ತಟ್ಟನೆ ನಿಂತು, ಗಾಳಿ ಎಳೆದುಕೊಂಡು, ಉಳಿದದ್ದನ್ನು ಮೆಲುದನಿಯಲ್ಲಿ ಬೇಗ ಬೇಗ ಜಾರಿಸಿಬಿಡುವಳು. “ನೀನು ನನ್ನ ಮಗಳಿದ್ದ ಹಾಗೆ” ಎಂದು ನಿಂತು, ಉಸಿರೆಳೆದು, “ಮಗಳಲ್ಲ” ಎಂದರೆ ಕೇಳಿದವರ ಬೆನ್ನು ತಣ್ಣಗಾಗುತ್ತಿತ್ತು. ಡಬ್ಬಿಂಗ್ ನೋಡಿಕೊಳ್ಳುತ್ತಿದ್ದ ನಿರ್ದೇಶಕರು ಕುಣಿದಾಡಿದರು. ಬೀದಿಯ ಮಕ್ಕಳೂ ಅದನ್ನು ಅಣಕಿಸತೊಡಗಿದರು. ಅದು ಕಾಯಿಲೆ ಎಂದು ಗೊತ್ತಿದ್ದದ್ದು ಅವಳಿಗೆ, ನನಗೆ, ವೈದ್ಯರಿಗೆ.

“ಹೇಳಬೇಡಿ. ಹೇಳಿದ್ರೆ ಮನೇಲಿ ಕೂರಿಸ್ತಾರೆ” ಎಂದಿದ್ದಳು. “ನನ್ನ ಉಸಿರು ಹೋದ್ರೇನು, ಆ ಹೆಂಗಸಿಗೆ ಹೆಸರು ಬಂತಲ್ಲ.” ನಾನು ಬಾಯಿಬಿಡಲಿಲ್ಲ. ಭಗವಂತ ಅವಳನ್ನು ಕರೆಸಿಕೊಂಡ ಮೇಲೂ ಬಾಯಿಬಿಟ್ಟಿರಲಿಲ್ಲ.

ಅವಳ ಕರ್ಮಾಂತರಗಳು ಮುಗಿದ ಕೆಲವು ದಿನಗಳಿಗೆ ನಿರ್ದೇಶಕರು ಮನೆಗೆ ಬಂದರು. ಹೊಸ ಹುಡುಗಿಯೊಬ್ಬಳು ಸಿಕ್ಕಿದ್ದಾಳಂತೆ. ದನಿ ಬದಲಾದದ್ದು ನೋಡುವವರಿಗೆ ಗೊತ್ತಾಗಬಾರದೆಂದು ಚಾನೆಲ್‌ನವರ ಹಟ.

“ನೀವೊಂದು ಸಲ ಬಂದು ಕೇಳಬೇಕು ಸರ್. ನಿಮ್ಮ ಕಿವಿ ಮೋಸ ಹೋದ್ರೆ ಊರೇ ಮೋಸ ಹೋಗುತ್ತೆ. ಆಗ ಅವಳಿಗೆ ಕೆಲಸ ಗಟ್ಟಿ.”

ಹೋಗುವ ಮನಸ್ಸಿರಲಿಲ್ಲ. ಆದರೆ ಒಬ್ಬ ಹೆಣ್ಣುಮಗಳ ಅನ್ನದ ಪ್ರಶ್ನೆ. ಹೋದೆ.

ಹುಡುಗಿ ಸಣಕಲಿ. ನನ್ನ ಕಾಲಿಗೆ ಬಗ್ಗಿ ನಮಸ್ಕರಿಸಿ, “ಇಷ್ಟು ದಿನ ಕಾರ್ಟೂನಲ್ಲಿ ಅಳಿಲಾಗಿದ್ದೆ ತಾತ. ಈಗ ಏಕ್‌ದಂ ದೊಡ್ಡಮ್ಮ. ಆಶೀರ್ವಾದ ಮಾಡಿ” ಎಂದಳು. ನನಗೆ ನಗು ಬಂತು. ಅವಳು ಗಾಜಿನಾಚೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ನಾನು ಈಚೆ, ಸೌಂಡ್ ಎಂಜಿನಿಯರ್ ಪಕ್ಕದಲ್ಲಿ ಕುಳಿತೆ. ದೃಶ್ಯದಲ್ಲಿ ಸೊಸೆ ಪೆಟ್ಟಿಗೆ ಹಿಡಿದು ಮನೆಬಿಟ್ಟು ಹೊರಟಿದ್ದಾಳೆ. ದೊಡ್ಡಮ್ಮ ಬಾಗಿಲಿಗೆ ಬರುತ್ತಾಳೆ.

“ಹೋಗಮ್ಮ, ಧಾರಾಳವಾಗಿ ಹೋಗು. ನೀನು ಹೋದ್ರೆ ಈ ಮನೇಲಿ” ಎಂದು ಹುಡುಗಿ ನಿಂತಳು. ಆ ಉಸಿರಿನ ಎಳೆತ ಕೇಳಿಸಿತು. ಒಣಗಿದ, ತೆಳ್ಳನೆಯ ಎಳೆತ. “ಯಾರೂ ಅಳೋದಿಲ್ಲ.”

ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಮನೆಯಲ್ಲಿ ಅವಳಿಗೆ ಕೊಡುತ್ತಿದ್ದ ಹಾಗೆ, ಬಲಗೈ ಮೇಜಿನ ಮೇಲೆ ನೀರಿನ ಲೋಟಕ್ಕಾಗಿ ತಡಕಾಡುತ್ತಿತ್ತು.

“ಹೇಗಿದೆ ಸರ್? ಮೋಸ ಹೋದ್ರಿ ತಾನೆ?” ನಿರ್ದೇಶಕರ ಮುಖ ಅರಳಿತ್ತು.

“ಹೋದೆ” ಎಂದೆ. “ಆ ಮಗುವನ್ನ ಒಂದು ನಿಮಿಷ ಹೊರಗೆ ಕರೀರಿ.”

ಅವಳು ಕುಣಿಯುತ್ತಲೇ ಬಂದಳು. ಆ ನಿಲುಗಡೆಯನ್ನು ಯಾರು ಹೇಳಿಕೊಟ್ಟರೆಂದು ಕೇಳಿದೆ.

“ಯಾರೂ ಇಲ್ಲ ತಾತ. ನಿಮ್ಮ ಮನೆ ಅಮ್ಮಂದು ಹಳೇ ಎಪಿಸೋಡ್ ಹಾಕ್ಕೊಂಡು ಕಲಿತೆ. ಬಟ್ಟೆ ಒಗೆಯುವಾಗ, ಬಸ್ಸಲ್ಲಿ, ಎಲ್ಲಾ ಕಡೆ. ಮೊದಲು ಬರ್ತಾನೇ ಇರಲಿಲ್ಲ. ಆಮೇಲೆ ಗುಟ್ಟು ಸಿಕ್ತು. ಎದೇಲಿರೋ ಗಾಳಿನೆಲ್ಲ ಖಾಲಿ ಮಾಡ್ಕೊಂಡು ಮಾತು ಶುರು ಮಾಡಬೇಕು. ಸ್ವಲ್ಪ ತಲೆ ಸುತ್ತುತ್ತೆ, ಪರವಾಗಿಲ್ಲ.”

“ಅದು ಗುಟ್ಟಲ್ಲಮ್ಮ” ಎಂದೆ. “ಅದು ಕಾಯಿಲೆ. ಅವಳಿಗೆ ಉಸಿರು ಸಾಲ್ತಿರಲಿಲ್ಲ.”

ಎಂಜಿನಿಯರ್ ತನ್ನ ಗುಂಡಿಗಳ ಮೇಲಿಂದ ಕೈ ತೆಗೆದ. ನಿರ್ದೇಶಕರು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತರು. “ನಾನು ಇನ್ನೂ ಜಾಸ್ತಿ ನಿಲ್ಲಿಸಿ ಅಂತ ಹೇಳ್ತಿದ್ದೆನಲ್ಲ ಸರ್” ಎಂದರು.

“ಹೇಳ್ತಿದ್ರಿ. ಅವಳು ಮನೆಗೆ ಬಂದು ನಗ್ತಿದ್ದಳು. ನಿಮ್ಮ ಮೇಲೆ ಅವಳಿಗೆ ಒಂದು ಚೂರೂ ಬೇಜಾರಿರಲಿಲ್ಲ.”

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವರು ನಿಧಾನವಾಗಿ, “ಆದ್ರೆ ಜನ ಕಾಯೋದೇ ಆ ನಿಲುಗಡೆಗೆ. ಅದಿಲ್ಲದೆ ಕಳಿಸಿದ್ರೆ ಚಾನೆಲ್‌ನವರು ಬೇರೆ ಹುಡುಗಿ ನೋಡಿ ಅಂತಾರೆ” ಎಂದರು.

ಹುಡುಗಿಯ ಕಣ್ಣು ತುಂಬಿತು. “ನನಗೆ ಈ ಕೆಲಸ ಬೇಕು ತಾತ.”

“ಕೆಲಸ ನಿನಗೇ ಸಿಗಲಿ. ಆದ್ರೆ ನನ್ನ ಹೆಂಡತಿ ದಿನಾ ಸಂಜೆ ಊರವರ ಮುಂದೆ ಉಸಿರಿಗೆ ಒದ್ದಾಡೋದು ಬೇಡ. ಅವಳಿಗೆ ಈಗ ತಾನೇ ಬಿಡುವಾಗಿದೆ.”

“ಹಾಗಾದ್ರೆ ದೊಡ್ಡಮ್ಮ ಹೆದರಿಸೋದು ಹೇಗೆ ಸರ್?” ಎಂದರು ನಿರ್ದೇಶಕರು.

ನನಗೆ ಆ ವಿದ್ಯೆ ಎಲ್ಲಿ ಗೊತ್ತು? ನನ್ನವಳು ಅದನ್ನು ಮನೆಯಲ್ಲೇ, ಒಲೆಯ ಮುಂದೆ ಕಲಿತದ್ದು ಮಾತ್ರ ಗೊತ್ತು. ಆದ್ದರಿಂದ ಹುಡುಗಿಯನ್ನು ಕೇಳಿದೆ: “ನಿಮ್ಮನೇಲಿ ಬೈಯದೇನೇ ಕಟ್ಟಿಹಾಕೋರು ಯಾರಮ್ಮ?”

ಅವಳು ಯೋಚಿಸಲೂ ಇಲ್ಲ. “ನಮ್ಮಜ್ಜಿ! ಗೆಳತೀರ ಜೊತೆ ಹೊರಟ್ರೆ, ‘ಹೋಗಿ ಬಾ ಪುಟ್ಟ. ನಾನು ಬಾಗಿಲಲ್ಲೇ ಕೂತಿರ್ತೀನಿ, ಒಂದು ವೇಳೆ ಬಿದ್ದುಹೋದ್ರೆ ಪಕ್ಕದ ಮನೆಯವರು ಎತ್ತಿಹಾಕ್ತಾರೆ’ ಅಂತಾರೆ. ನಗ್ತಾ ಅಂತಾರೆ ತಾತ. ನಾನು ಚಪ್ಪಲಿ ಬಿಚ್ಚಿ ಒಳಗೆ ಬರ್ತೀನಿ.”

“ಓಹೋ, ಆ ಅಜ್ಜಿ ನಮ್ಮನೇಲೂ ಇದ್ದಾರೆ” ಎಂದ ಎಂಜಿನಿಯರ್.

“ಆ ಅಜ್ಜಿನ ಕರ್ಕೊಂಡು ಒಳಗೆ ಹೋಗು” ಎಂದೆ. “ಎದೆ ತುಂಬ ಗಾಳಿ ತಗೊಂಡು ಹೋಗು.”

ಮೊದಮೊದಲು ಕೆಟ್ಟಿತು. ಒಮ್ಮೆ ಪರದೆಯ ಮೇಲಿನ ತುಟಿ ಮುಚ್ಚಿದ ಮೇಲೂ ಮಾತು ಉಳಿಯಿತು. ಇನ್ನೊಮ್ಮೆ ದನಿಯಲ್ಲಿ ಅಳಿಲೇ ಇಣುಕಿ, ಎಲ್ಲರೂ ನಕ್ಕುಬಿಟ್ಟೆವು. ಆಮೇಲೆ ಅವಳು ಕಣ್ಣು ಮುಚ್ಚಿ ತೆರೆದು, ಹೆಗಲು ಸಡಿಲಬಿಟ್ಟು ಶುರುಮಾಡಿದಳು.

“ಹೋಗಮ್ಮ, ಧಾರಾಳವಾಗಿ ಹೋಗು, ನೀನು ಹೋದ್ರೆ ಈ ಮನೇಲಿ ಯಾರೂ ಅಳೋದಿಲ್ಲ, ನಾನು ಅಳೋಕೆ ಬಿಡೋದಿಲ್ಲ, ನಿನ್ನ ಗಂಡಂಗೆ ಊಟ ಹಾಕಿ ಮಲಗಿಸ್ತೀನಿ, ನೀನೇನೂ ಯೋಚನೆ ಮಾಡಬೇಡ ಕಂದ.”

ಎಲ್ಲೂ ನಿಲ್ಲಲಿಲ್ಲ. ಬೆಚ್ಚಗೆ, ನಗುನಗುತ್ತಾ, ಒಂದೇ ಉಸಿರು. ಎದುರಿನವರು ಬಾಯಿ ತೆರೆಯಲು ಒಂದು ಸಂದೂ ಇಲ್ಲ. ಪರದೆಯ ಮೇಲೆ ಸೊಸೆ ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಇಷ್ಟು ವರ್ಷ ಆ ನಟಿ ಬಾಯಿ ತೆರೆದಾಗಲೆಲ್ಲ ನನ್ನ ಕಣ್ಣಿಗೆ ಬೇರೊಂದು ಮುಖ ಬರುತ್ತಿತ್ತು. ಈಗ ಬರಲಿಲ್ಲ. ಚೂಪು ಮೂಗಿನ, ದಪ್ಪ ಕಾಡಿಗೆಯ, ನನಗೆ ಏನೂ ಆಗದ ಯಾರೋ ಒಬ್ಬಳು ಬಾಗಿಲಿಗೆ ಒರಗಿ ನಿಂತಿದ್ದಳು.

“ಎಂಥಾ ಪಾಪಿ ಹೆಂಗಸು!” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

“ಏನಂದ್ರಿ ಸರ್?”

“ಆ ಸೊಸೆ ಪೆಟ್ಟಿಗೆ ಕೆಳಗಿಡಬಾರದಿತ್ತು ಅಂದೆ. ಸೀದಾ ಹೊರಟುಹೋಗಬೇಕಿತ್ತು!”

ನಿರ್ದೇಶಕರು ನನ್ನ ಮುಖ ನೋಡಿದರು. ಆಮೇಲೆ ಎಂಜಿನಿಯರ್ ಕಡೆ ತಿರುಗಿ, “ಇದನ್ನೇ ಇಟ್ಕೋ. ಇದೇ ಹೋಗ್ಲಿ” ಎಂದರು.

“ಚಾನೆಲ್‌ನವರು ಬೈದ್ರೆ?”

“ಬೈಸ್ಕೊಳ್ಳೋಣ.”

ಹುಡುಗಿ ಹೆಡ್‌ಫೋನ್ ಕತ್ತಿಗೆ ಇಳಿಸಿ, ಗಾಜಿನ ಹತ್ತಿರ ಬಂದು ಮೈಕಿನಲ್ಲಿ ಮೆಲ್ಲಗೆ ಕೇಳಿದಳು: “ಅಮ್ಮನ ಥರ ಬಂತಾ ತಾತ?”

“ಇಲ್ಲಮ್ಮ” ಎಂದೆ. “ಒಂದಿಷ್ಟೂ ಬರಲಿಲ್ಲ. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ.”