ಬಾಣಂತಿಯ ಲೋಟ

ನಮ್ಮಮ್ಮ ಉಚ್ಚಂಗಮ್ಮ ಬಾಣಂತನ ಮಾಡಿದರೆ ಸೊಂಟ ಗಟ್ಟಿಯಾಗುತ್ತದೆ ಎಂದು ಮಲವಗೊಪ್ಪದಲ್ಲಿ ಮಾತಿದೆ. ಸುಳ್ಳಲ್ಲ. ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ತಲೆಗೆ ಬಟ್ಟೆ ಕಟ್ಟಿ ಮಲಗಿಸುತ್ತಾಳೆ. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಎಲ್ಲ ಧಾರಾಳ. ಕುಡಿಯುವ ನೀರು ಮಾತ್ರ ಹೊತ್ತಿಗೆ ಅರ್ಧ ಲೋಟ. ಹೆಚ್ಚು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದಂತೆ, ಮಗುವಿಗೆ ಶೀತವಾಗುತ್ತದಂತೆ.

ನಾನು ಧನಲಕ್ಷ್ಮಿ, ಅವಳ ಹಿರಿಮಗಳು. ಭದ್ರಾವತಿ ಕಡೆ ಆಶಾ ಕಾರ್ಯಕರ್ತೆ. ನನ್ನ ಬಾಯಿ ದೊಡ್ಡದು ಎಂದು ಊರೇ ಹೇಳುತ್ತದೆ. ಆದರೆ ಬಿಡಬೇಕಾದ ಕಡೆ ನಾನು ಬಾಯಿ ಬಿಡಲಿಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ಪಾಲಿನ ಬೀದಿಯ ವಿದ್ಯಾಶ್ರೀ ಹೆತ್ತು ಮನೆಗೆ ಬಂದಳು. ಮೂರು ಸಲ ಹೋದೆ. ಮಗುವನ್ನು ತೂಗಿದೆ, ಜ್ವರ ನೋಡಿದೆ, ಅವಳತ್ತೆ ಕೊಟ್ಟ ಕಾಫಿ ಕುಡಿದೆ. ಅವಳ ತುಟಿ ಒಣಗಿದ್ದು ಕಂಡಿತ್ತು. ಬಾಣಂತಿಯರ ತುಟಿ ಹಾಗೇ ಅಲ್ಲವೇ ಎಂದುಕೊಂಡೆ. ಹನ್ನೆರಡನೇ ದಿನ ತಲೆನೋವು, ಆಮೇಲೆ ಫಿಟ್ಸ್. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು, ಉಳಿಯಲಿಲ್ಲ. ಮೈಯಲ್ಲಿ ನೀರು ಬತ್ತಿ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಡಾಕ್ಟರಮ್ಮ ಬೈಯಲಿಲ್ಲ. "ನೀರು ಕುಡೀತಾಳಾ ಅಂತ ಒಂದು ಸಲ ಕೇಳಿದ್ರಾ?" ಎಂದರು, ಅಷ್ಟೇ.

ಈಗ ತವರುಮನೆಯ ಕೋಣೆಯಲ್ಲಿ ನನ್ನ ತಂಗಿ ರಂಜಿನಿ. ಹೆತ್ತು ಒಂಬತ್ತು ದಿನ.

ನಾನು ಹೋದಾಗ ಮಧ್ಯಾಹ್ನ. ಕಿಟಕಿ ಮುಚ್ಚಿತ್ತು. "ಅಕ್ಕಾ, ಬೆಳಗ್ಗೆಯಿಂದ ತಲೆ ಸಿಡೀತಾ ಇದೆ," ಎಂದಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಬ್ಯಾಗಿನಲ್ಲಿದ್ದ ನೀರಿನ ಬಾಟಲಿಯ ಮೇಲಿತ್ತು.

ಬಾಟಲಿ ತೆಗೆದೆ. ಅಮ್ಮ ಓಡಿ ಬಂದು ಕೈ ಹಿಡಿದಳು.

"ಏನೇ ಮಾಡ್ತಾ ಇದ್ದೀಯ? ಹಸಿ ಬಾಣಂತಿ ಅವಳು!"

"ತಲೆನೋವು ಅಂತಿದಾಳಲ್ಲಮ್ಮ. ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಮೊದ್ಲು ನೀರು ಕುಡೀಲಿ."

"ಶೀತಕ್ಕೆ ಬಂದಿರೋದು ಅದು, ಬಜೆ ಹಚ್ಚಿದೀನಿ. ನಿನ್ನ ಆಶಾಗಿರಿ ಊರಿಗಿಟ್ಕೋ ಮಾರಾಯ್ತಿ. ನಿಂಗೂ ನಾನೇ ಬಾಣಂತನ ಮಾಡಿದ್ದು. ಸತ್ತೋದ್ಯಾ?"

ಆ ಮಾತಿಗೆ ಹದಿನೆಂಟು ವರ್ಷದ ಹಿಂದಿನ ದಾಹ ಗಂಟಲಿಗೆ ಬಂತು. ಇದೇ ಕೋಣೆ. ಗೋಡೆಯಾಚೆ ನಲ್ಲಿಯಲ್ಲಿ ನೀರು ಬಿಟ್ಟಾಗ ಕೊಡ ತುಂಬುವ ಸದ್ದು. ಮಲಗಿ ಅದನ್ನೇ ಕೇಳುತ್ತಿದ್ದೆ. ಗಂಡ ನೆನಪಾಗುತ್ತಿರಲಿಲ್ಲ, ಮಗುವೂ ಬೇಕೆನಿಸುತ್ತಿರಲಿಲ್ಲ. ಒಂದು ಚೊಂಬು ತಣ್ಣೀರಿಗೆ ಜೀವ ಹಂಬಲಿಸುತ್ತಿತ್ತು.

"ಸಾಯಲಿಲ್ಲ, ಯಾಕೆ ಗೊತ್ತಾ?" ಎಂದೆ. "ಬಚ್ಚಲಲ್ಲಿ ನೀನು ತಲೆ ಮೇಲೆ ನೀರು ಹುಯ್ಯೋವಾಗ ಬಾಯಿ ತೆಕ್ಕೊಂಡು ಕುಡೀತಿದ್ದೆ. ಸೀಗೆಕಾಯಿ ನೀರು, ಎಣ್ಣೆ ನೀರು, ಎಲ್ಲಾ."

"ನಾನೂ ಅಕ್ಕಾ," ಎಂದು ರಂಜಿನಿ ಅತ್ತಳು.

ಅಮ್ಮನ ಹಿಡಿತ ಸಡಿಲವಾಯಿತು. "ಗೊತ್ತು," ಎಂದಳು. "ಅದಕ್ಕೇ ಮುಖದ ಮೇಲೆ ನಾಲ್ಕು ಚೊಂಬು ಜಾಸ್ತಿ ಹುಯ್ತಿದ್ದೆ."

ನನಗೆ ಸಿಟ್ಟು ಬಂತೋ ಅಳು ಬಂತೋ! "ಅಯ್ಯೋ ನಿನ್ನ! ಹಂಗಾದ್ರೆ ಲೋಟದಲ್ಲೇ ಕೊಡಬಹುದಿತ್ತಲ್ಲಮ್ಮ!"

"ನಂಗೆ ಯಾರು ಕೊಟ್ಟಿದ್ರು? ಕೊಡಬಹುದು ಅಂತ ಯಾರು ಹೇಳಿದ್ರು?"

ಹೇಳಬೇಕಾದವಳು ನಾನು. ಊರಿಗೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ.

ಅಮ್ಮ ಅಡುಗೆಮನೆಗೆ ಹೋಗಿ ಚೊಂಬು ತುಂಬ ನೀರು ತಂದಳು. ರಂಜಿನಿ ಗಟಗಟ ಕುಡಿದು "ಇನ್ನೊಂದು," ಎಂದಳು. ಶಿವಮೊಗ್ಗದವರೆಗೂ ಆಟೋದಲ್ಲಿ ಅಮ್ಮ ಆ ಚೊಂಬನ್ನು ಮಡಿಲಲ್ಲಿ ಹಿಡಿದೇ ಕೂತಿದ್ದಳು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಸಮಯಕ್ಕೆ ಬಂದ್ರಿ," ಎಂದರು.

ಈಗ ಬಾಣಂತಿಯ ಮನೆಗೆ ಹೋದರೆ ತಕ್ಕಡಿ ಆಮೇಲೆ. ಮೊದಲು ಒಂದು ಲೋಟ ನೀರು ಕೇಳುತ್ತೇನೆ, ಅವಳ ಕೈಗೆ ಕೊಡುತ್ತೇನೆ, ಕುಡಿದು ಮುಗಿಸುವವರೆಗೆ ಏಳುವುದಿಲ್ಲ. ಅತ್ತೆಯಂದಿರು ಮುಖ ಸಿಂಡರಿಸಿಕೊಳ್ಳಲಿ.

ವಿದ್ಯಾಶ್ರೀಯ ಮನೆ ದಾಟುವಾಗ ಮಾತ್ರ ಕಾಲು ನಿಲ್ಲುತ್ತದೆ. ಆ ಮನೆಯಲ್ಲಿ ನಾನು ಮೂರು ಸಲ ಕಾಫಿ ಕುಡಿದಿದ್ದೆ.